ಜಗಳ ಬಿಡಿಸುವ ಹಿರಿಯರೂ ನನ್ನ ಮೊಮ್ಮಗಳೂ

ನನ್ನ ಮಗಳ ಮಗಳಿಗೆ ತಲೆ ನೆಟ್ಟಗಿಲ್ಲ! ಸ್ವಂತ ಅಜ್ಜನೇ ಹೀಗೆನ್ನಬಹುದೇ ಎಂದು ಹುಬ್ಬೇರಿಸಬೇಡಿ. ತಲೆ ನೆಟ್ಟಗಿದ್ದವರು ಯಾರಾದರೂ, ಯುಗಾದಿಯ ದಿನ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿನಲ್ಲಿ ಊಟ ಬಿಟ್ಟೆದ್ದು, ಫೋನಿನಲ್ಲಿ "ನನ್ನವಕ್ಕ ಊಟ ಹಾಕಿದ್ಯಾ? ಎಷ್ಟ ಸತ್ತಾವು?" ಎಂದು ಕೇಳುತ್ತಾರೆಯೇ?

ಕೋಸಂಬರಿ ಕೊಡಲು ಬಂದ ಪಕ್ಕದ ಮನೆಯಾಕೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮೆಲ್ಲಗೆ ನನ್ನ ಹೆಂಡತಿಯನ್ನು ಕೇಳಿದಳು:

"ಅಕ್ಕಾರ, ಹುಡುಗಿ ಪುಣೇದಾಗ ಏನ್ ಸಾಕ್ಯಾಳ್ರಿ?"

"ಜೀವಕೋಶ ಅಂತ."

"ಅಂದ್ರ?"

"ಕಣ್ಣಿಗೆ ಕಾಣಂಗಿಲ್ಲಂತ. ಆದ್ರ ಹಸಿವಿ ಭಾಳಂತ."

"ಅಯ್ಯ ಶಿವನೇ! ಲಗೂನ ಒಂದ ನಿಂಬಿಹಣ್ಣ ಇಳಿಸಿ ಒಗೀರಿ!"

ನಾನು ರೋಣದಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ನಾಲ್ಕನೇ ಇಯತ್ತೆಯಲ್ಲಿ ನಾನು ಸಾಲಿ ಬಿಟ್ಟೆ. ಸಾಲಿಗೂ ಏನೂ ಬೇಸರವಾದಂತೆ ಕಾಣಲಿಲ್ಲ. ಇಂಥವನ ಮೊಮ್ಮಗಳು ಪುಣೆಯ ಲ್ಯಾಬಿನಲ್ಲಿ ಇಲಿಗಳಿಗೆ ಕ್ಯಾನ್ಸರ್ ಬರಿಸಿ, ಅದನ್ನು ಮತ್ತೆ ತಾನೇ ವಾಸಿ ಮಾಡಲು ಹೆಣಗುತ್ತಾಳೆ. ನಮ್ಮ ಕಡೆ ಇಲಿ ಕಂಡರೆ ಚಪ್ಪಲಿ ಹುಡುಕುತ್ತಾರೆ!

ಇದೆಲ್ಲ ನಗೆಯ ಮಾತಾಗಿಯೇ ಉಳಿಯುತ್ತಿತ್ತು. ಆದರೆ ನನ್ನ ಹೆಂಡತಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ನೋಡಿಸಿದರೆ ಪುಪ್ಪುಸದೊಳಗೆ ಕ್ಯಾನ್ಸರಿನ ಗಂಟು. ಮೈಯ ಕಾವಲುಗಾರರನ್ನೇ ಎಬ್ಬಿಸಿ ಗಂಟಿನ ಮೇಲೆ ಬಿಡುವ ಔಷಧವನ್ನು ಸಲಾಯಿನ್‌ನಲ್ಲಿ ಏರಿಸುತ್ತೇವೆ ಎಂದರು ಡಾಕ್ಟರು. ನನಗೆ ತಲೆಬುಡ ತಿಳಿಯಲಿಲ್ಲ. ತನ್ನ ಆಯಿಯನ್ನು, ಅಂದರೆ ಅಜ್ಜಿಯನ್ನು, ನೋಡಲು ರಜೆ ಹಾಕಿ ಬಂದ ಮೊಮ್ಮಗಳನ್ನು ಹಿಡಿದು ಕೂರಿಸಿದೆ.

"ಅಜ್ಜಾ, ನಮ್ಮ ಮೈಯಾಗ ಕಾವಲ ಕಾಯೋ ಹುಡುಗ್ರ ಅದಾರ ಅಂತ ತಿಳಿ. ಕಳ್ಳನ್ನ ಕಂಡ್ರ ಬಡೀತಾರ."

"ಮತ್ತ ಈ ಕಳ್ಳನ್ನ ಯಾಕ ಬಡೀಲಿಲ್ಲ?"

"ಹಿರ್ಯಾರು ಬಿಡಿಸಿದ್ರು."

"ಯಾವ ಹಿರ್ಯಾರವಾ?"

"ಕಟ್ಟಿ ಮ್ಯಾಲೆ ಕುಂತು ಜಗಳ ಬಿಡಿಸ್ತಾರಲ್ಲ, ಅಂಥಾ ಕೋಶಾನೂ ಮೈಯಾಗ ಅದಾವು. ಅವು ಇಲ್ಲಂದ್ರ ಹುಡುಗ್ರು ತಮ್ಮ ಮನೀನ ಮುರೀತಾರ. ಆದ್ರ ಕಳ್ಳ ಭಾಳ ಶಾಣ್ಯಾ. ಹಿರ್ಯಾರನ್ನ ಕರದು ಬಾಜೂಕ ಕುಂದ್ರಿಸ್ಕೊಂಡಾನ. ಹುಡುಗ್ರು ಬಂದ್ರ ಅವ್ರು 'ಬಿಡ್ರಪಾ, ನಮ್ಮಾಂವ' ಅಂತಾರ."

"ಹಂಗಾದ್ರ ಹಿರ್ಯಾರನ್ನೆಲ್ಲ ಊರ ಬಿಡಿಸಿ ಓಡಸ್ರಿ!"

"ಎಲ್ಲಾರನೂ ಓಡಿಸಿದ್ರ ಹುಡುಗ್ರು ಆಯೀ ಕರುಳಿಗೇ ಕೈ ಹಚ್ಚತಾರ. ಕಳ್ಳನ ಬಾಜೂಕ ಕುಂತವ್ರನ್ನಷ್ಟ ಎಬ್ಬಿಸೋದು ಹ್ಯಾಂಗ ಅಂತ ನಾ ಇಲಿಯೊಳಗ ನೋಡಾಕತ್ತೀನಿ. ಆಯೀಗ ಹಾಕೋದು ಬ್ಯಾರೆ ಔಷಧ, ಹುಡುಗ್ರ ಲಗಾಮ ಸಡ್ಲ ಮಾಡೋದು."

"ಆಯಿ ಆರಾಮ ಆಗ್ತಾಳಲ್ಲ?"

"ಗೊತ್ತಿಲ್ಲಜ್ಜಾ. ಕೆಲವರಿಗೆ ಆಗತೈತಿ, ಕೆಲವರಿಗೆ ಇಲ್ಲ."

ಇಷ್ಟು ಓದಿ ಗೊತ್ತಿಲ್ಲವಂತೆ! ಬಸ್ ಸ್ಟ್ಯಾಂಡಿನ ಗಿಳಿಶಾಸ್ತ್ರದವನ ಗಿಳಿಗೂ ಇದಕ್ಕಿಂತ ಹೆಚ್ಚು ಗೊತ್ತಿರುತ್ತದೆ.

ಆದರೆ ನನಗೆ ಚುಚ್ಚಿದ್ದು ಬೇರೆಯೇ ಮಾತು. ನಮ್ಮ ಓಣಿಯಲ್ಲಿ ಜಗಳ ಬಿಡಿಸುವ ಹಿರಿಯ ಯಾರು? ನಾನೇ! ಹಾಗಾದರೆ ನಾನು ಕ್ಯಾನ್ಸರಿನ ಬಾಜೂಕ ಕುಳಿತವನೇ? ಹೆಂಡತಿ ಕೆಮ್ಮಿನ ನಡುವೆಯೂ ನಕ್ಕಳು. "ಖರೇನ ಐತ್ರಿ. ನಮ್ಮ ಕೋಳಿ ಕದ್ದಾವ್ಗೂ 'ಹೋಗ್ಲಿ ಬಿಡ್ರಿ' ಅಂದವ್ರು ನೀವ ಅಲ್ಲೇನ್ರಿ?"

ಅಂದೇ ತೀರ್ಮಾನಿಸಿದೆ: ಇನ್ನು ಮುಂದೆ ಯಾರ ಜಗಳವನ್ನೂ ಬಿಡಿಸುವುದಿಲ್ಲ. ಹೊರಗೆ ನಾನು ಸುಮ್ಮನಿದ್ದರೆ ಒಳಗಿನ ಹಿರಿಯರಿಗೂ ಬುದ್ಧಿ ಬಂದೀತು! ಮರುದಿನವೇ ಪರೀಕ್ಷೆ ಎದುರಾಯಿತು. ಲಕ್ಕಲಕಟ್ಟಿಯಿಂದ ಜೋಳ ತಂದಾಕೆಗೂ ನಮ್ಮೂರಿನ ಕಡಲೆಬೇಳೆಯಾಕೆಗೂ ಪಾಳಿಯ ಸಲುವಾಗಿ ಹತ್ತಿಕೊಂಡಿತು.

"ಕಾಕಾರ, ಹೇಳ್ರಿ ಇಕೀಗೆ, ಪಾಳಿ ನಂದು ಅಂತ!"

"ನಾ ಹೇಳಂಗಿಲ್ಲವಾ. ಹುಡುಗ್ರ ಕೈ ಹಿಡೀಬಾರದು."

"ಯಾವ ಹುಡುಗ್ರು?!"

ಅಷ್ಟರಲ್ಲಿ ಗಿರಣಿಯ ಬಾಯಲ್ಲಿದ್ದ ಜೋಳದ ಮೇಲೆ ಕಡಲೆಬೇಳೆ ಬಿತ್ತು. ಇತ್ತ ರೊಟ್ಟಿಗೂ ಆಗದ, ಅತ್ತ ಭಜಿಗೂ ಆಗದ ಹಿಟ್ಟು ಹೊರಬಂತು. ಇಬ್ಬರೂ ಆ ಕ್ಷಣವೇ ಒಂದಾಗಿ ನನ್ನ ಮೇಲೆ ಬಿದ್ದರು. ಒಳಗಿನಿಂದ ಹೆಂಡತಿ ಕೂಗಿದಳು, "ಏನ್ ಗದ್ಲರೀ ಅದು?"

"ನಿಂದ ಔಷಧಾ!" ಎಂದೆ.

ಸಲಾಯಿನ್ ಕೆಲವು ಸಲ ಏರಿದ ಮೇಲೆ ಅವಳ ಕೈತುಂಬ ಕೆಂಪು ದದ್ದು ಎದ್ದವು. ಹೊಟ್ಟೆಯೂ ನಿಲ್ಲದೆ ಹೋಗತೊಡಗಿತು. ನನಗೋ ಹಿಗ್ಗು! ಹುಡುಗರು ಎದ್ದರು, ಕೆಲಸ ಶುರುವಾಯಿತು ಎಂದು ಓಣಿಗೆಲ್ಲ ಪೇಢೆ ಹಂಚಿ ಬಂದೆ. "ಪುಣೇದಾಕಿಗೆ ಹೇಳಬ್ಯಾಡ್ರಿ, ಕೆಲಸ ಬಿಟ್ಟು ಓಡಿ ಬರತಾಳ" ಎಂದಳು ಹೆಂಡತಿ. ನಮ್ಮ ಮನೆಗಳಲ್ಲಿ ಓದುವ ಮಕ್ಕಳಿಗೆ ಜಡ್ಡಿನ ಸುದ್ದಿ ಮುಟ್ಟಿಸುವ ಪದ್ಧತಿ ಇಲ್ಲ. ನಾನೂ ಬಾಯಿ ಮುಚ್ಚಿಕೊಂಡೆ.

ಮೊಮ್ಮಗಳ ಕಣ್ಣು ತಪ್ಪಿಸಲಾದೀತೇ? ವಿಡಿಯೋ ಕಾಲಿನಲ್ಲಿ ಆಯಿ ಸೆರಗನ್ನು ಕೈಮೇಲೆ ಎಳೆದುಕೊಂಡದ್ದನ್ನು ನೋಡಿಯೇಬಿಟ್ಟಳು.

"ಆಯಿ, ಸೆರಗ ತಗಿ."

"ಥೂ! ಅಜ್ಜ ಇಲ್ಲೇ ಕುಂತಾನ, ಏನ್ ಮಾತಂತ ಆಡ್ತಿಯವಾ!"

"ತಗಿ ಅಂದೆ! ಹೊಟ್ಟಿ ಹೋಗಾಕತ್ತೈತೇನು?" ಎಂದಳು. ನಾನು ಪೇಢೆಯ ಸುದ್ದಿಯನ್ನೂ ಒದರಿಬಿಟ್ಟೆ. "ಅಜ್ಜಾ, ಪೇಢೆ ಹಂಚಿದ್ಯಾ? ಈಗಿಂದೀಗ ಗಾಡಿ ಮಾಡು. ದವಾಖಾನಿಗೆ ನಾ ಫೋನ್ ಮಾಡ್ತೀನಿ."

ಹುಬ್ಬಳ್ಳಿ ಮುಟ್ಟಿದೆವು. ಹುಡುಗರು ಅವಳ ಕರುಳಿಗೇ ಕೈ ಹಚ್ಚಿದ್ದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದ ಡಾಕ್ಟರು ಸಲಾಯಿನ್ ನಿಲ್ಲಿಸಿ, ಎದ್ದವರನ್ನು ಸಮಾಧಾನ ಮಾಡುವ ಔಷಧ ಕೊಟ್ಟರು. ಎಬ್ಬಿಸಲು ಒಂದು ಔಷಧ, ಕೂರಿಸಲು ಇನ್ನೊಂದು! ಮರುದಿನ ಪುಣೆಯಿಂದ ಬೇರೆ ಬೇರೆ ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಬಂದ ಮೊಮ್ಮಗಳನ್ನು ಕೇಳಿದೆ, "ಅಲ್ಲ ಯವ್ವಾ, ಹಿರ್ಯಾರು ಬೇಕೋ ಬ್ಯಾಡೋ, ಒಂದ ಮಾತ ಹೇಳು!"

"ಬೇಕಜ್ಜಾ. ಎಲ್ಲಿ ಬೇಕು, ಎಲ್ಲಿ ಬ್ಯಾಡ ಅನ್ನೋದ ತಿಳೀವಲ್ದು."

ನನಗೆ ತಿಳಿಯದ್ದು ಅವಳಿಗೂ ತಿಳಿಯದು ಎಂದಾದರೆ, ನಾನು ಅವಳಷ್ಟೇ ಓದಿದಂತಾಯಿತಲ್ಲವೇ?

ಹೊಟ್ಟೆ ನಿಂತಿತು, ದದ್ದು ಆರಿದವು. ಕೆಲವು ವಾರ ಕಳೆದು ಮತ್ತೆ ಸ್ಕ್ಯಾನ್ ಮಾಡಿಸಿದರು. ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಜೋಡಿಸಿ ಹಿಡಿದರು. ಗಂಟು ಅರ್ಧಕ್ಕರ್ಧ ಕರಗಿತ್ತು! ನಾನು ಕೂಗಿದ ರಭಸಕ್ಕೆ ನರ್ಸ್ ಬಾಯಿ ಓಡಿ ಬಂದು ಗದರಿಸಿದರು. ಗದರಿಸಲಿ! ಅವರಿಗೂ ಕೈಮುಗಿದೆ.

ಹೊರಗೆ ಬಂದು ನೋಡಿದರೆ, ಬೆಂಚಿನ ಮೇಲೆ ಕೂತ ಆಯಿಯ ಮಡಿಲಲ್ಲಿ ಮುಖವಿಟ್ಟು ಮೊಮ್ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ನಾನು ಓಡಿ ಹೋದೆ.

"ಯಾಕವಾ? ಡಾಕ್ಟರ್ ಸುಳ್ಳ ಹೇಳಿದ್ರೇನು?"

"ಇಲ್ಲಜ್ಜಾ. ಇಲಿಯೊಳಗ ಗಂಟ ಕರಗಿದ್ದ ನೋಡಿದ್ದೆ. ನಮ್ಮ ಆಯಿಯೊಳಗ ನೋಡಿದ್ದಿಲ್ಲ."

ಹೆಂಡತಿ ಅವಳ ತಲೆಯಲ್ಲಿ ಬೆರಳಾಡಿಸಿ, "ತಲಿ ನೋಡು, ಹಗ್ಗ ಆಗೇತಿ" ಎಂದು ಬೈಯುತ್ತ ಅಲ್ಲೇ ಜಡೆ ಬಿಚ್ಚತೊಡಗಿದಳು. ತಿಂಗಳುಗಟ್ಟಲೆ ರೊಟ್ಟಿ ಮುರಿಯಲೂ ಶಕ್ತಿಯಿಲ್ಲದೆ ಬಿದ್ದಿದ್ದ ಕೈಗಳು.

"ಬಿಡ ಆಯಿ, ಮಂದಿ ನೋಡ್ತಾರ."

"ನೋಡ್ಲಿ."

ಮೂರು ಎಳೆ ಮಾಡಿ, ಬಿಗಿಯಾಗಿ ಎಳೆದು ಹೆಣೆದಳು.

"ನೋಯಾಕತ್ತೈತಿ, ಆಯಿ!" ಎಂದು ಮೊಮ್ಮಗಳು ಅಳುತ್ತಲೇ ನಕ್ಕಳು.

ಆ ಕೈಗಳಿಗೆ ನೋಯಿಸುವಷ್ಟು ಬಲ ಬಂದಿತ್ತು.