ಸಮ್ಸಮ್ ನಿರಪರಾಧಿ

ಮುದುಕ ಬಯ್ಯೂಮಿ ಬೆಳಿಗ್ಗೆ ಕಾಲುವೆ ದಂಡೆಯಲ್ಲಿ ಸತ್ತು ಬಿದ್ದಿದ್ದ. ಅಷ್ಟೇ ಆಗಿದ್ದರೆ ಹೊತ್ತೇರುವುದರೊಳಗೆ ಮಣ್ಣು ಮಾಡಿ ಬರುತ್ತಿದ್ದರು. ಆದರೆ ರೈತ ಮೆತ್ವಲ್ಲಿಯ ನಾಯಿ ಸಮ್ಸಮ್ ಪಕ್ಕದಲ್ಲಿ ಕೂತು ಸತ್ತವನ ಕೆನ್ನೆ ನೆಕ್ಕುತ್ತಿತ್ತು.

ಮೇವು ಕೊಯ್ಯಲು ಹೋದ ಹೆಂಗಸರು ಕಿರುಚಿಕೊಂಡರು. ಆ ಸುದ್ದಿ ಊರು ಮುಟ್ಟುವಷ್ಟರಲ್ಲಿ ನಾಯಿ ಕರುವಿನ ಗಾತ್ರ ಬೆಳೆದಿತ್ತು. ಕ್ಷೌರಿಕ ಹಿಂದಾವಿಯ ಅಂಗಡಿ ದಾಟುವಾಗ ಮುದುಕನಿಗೆ ಗಂಟಲೇ ಉಳಿದಿರಲಿಲ್ಲ.

“ನಾಯಿಗಳಿಗೆ ಮನುಷ್ಯರ ರುಚಿ ಹತ್ತಿದೆ, ಟಿ.ವಿ.ಯಲ್ಲಿ ದಿನಾ ತೋರಿಸ್ತಾರೆ,” ಎಂದ ಹಿಂದಾವಿ, ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಬಂದು.

ಬಾತುಕೋಳಿ ಗದರಿದರೆ ದಾರಿ ಬಿಡುವ ನಾಯಿ ಅದು. ಮಕ್ಕಳಿಲ್ಲದ ಮನೆಯಲ್ಲಿ ಮೆತ್ವಲ್ಲಿಯ ಹೆಜ್ಜೆ ಸದ್ದಿಗೆ ಖುಷಿಯಿಂದ ಎದ್ದು ಬರುತ್ತಿದ್ದ ಜೀವ ಅದೊಂದೇ. ಹೆಂಡತಿ ಸಬಾಹಳೂ ಎದ್ದು ಬರುತ್ತಿದ್ದಳು, ಜಗಳಕ್ಕೆ.

ಊರ ಯಜಮಾನ ಉಮ್ದಾ ಬಂದೂಕು ಹಿಡಿದು ಬಂದ. “ಸರಿ ಆಚೆ, ಮೆತ್ವಲ್ಲಿ. ಒಂದು ಗುಂಡು ಹಾಕಿ ಮುಗಿಸ್ತೀನಿ. ಸತ್ತವನ ಮಕ್ಕಳೂ ಒಪ್ಪಿದ್ದಾರೆ.”

ಮೆತ್ವಲ್ಲಿ ನಾಯಿಯನ್ನು ತಬ್ಬಿಕೊಂಡ. “ಯೋಚ್ನೆ ಮಾಡಿ ಉಮ್ದಾ ಸಾಹೇಬ್ರೇ! ಈ ಊರಲ್ಲಿ ನಾಯಿಯಿಂದ ಸತ್ತೋರು ಯಾರಿದ್ದಾರೆ? ನಿಮ್ಮ ತಮ್ಮ ಕಾಲುವೇಲಿ ಮುಳುಗಿದ. ಹಿಂದಾವಿ ಮಾವ ಟ್ರ್ಯಾಕ್ಟರ್ ಅಡಿಗೆ ಸಿಕ್ಕಿ ಸತ್ತ. ಅವತ್ತು ಟ್ರ್ಯಾಕ್ಟರಿಗೆ ಗುಂಡು ಹೊಡೆದ್ರಾ?”

“ಟ್ರ್ಯಾಕ್ಟರ್ ನಂದು,” ಎಂದ ಉಮ್ದಾ.

“ನಾಯಿ ವಕೀಲ ಬಂದ ನೋಡ್ರೋ!” ಎಂದು ಯಾರೋ ನಕ್ಕರು. ಬಂದೂಕು ಮೇಲೆದ್ದಿತು. ಮೆತ್ವಲ್ಲಿಗೆ ಬೇರೆ ದಾರಿ ಕಾಣಲಿಲ್ಲ.

“ಡಾಕ್ಟರು ಹೆಣ ನೋಡೋಕೆ ಮುಂಚೆ ಯಾರಾದ್ರೂ ನಾಯೀನ ಮುಟ್ಟಿದ್ರೆ ನನ್ನ ಹೆಂಡ್ತಿಗೆ ತಲಾಖ್!”

ಬಂದೂಕು ಇಳಿಯಿತು. ಇಂಥ ಆಣೆ ಬಾಯಿಂದ ಬಿದ್ದ ಮೇಲೆ ಇನ್ನೊಬ್ಬರ ಸಂಸಾರ ಮುರಿದ ಪಾಪ ಯಾರಿಗೆ ಬೇಕು?

“ನಾಯಿಗೋಸ್ಕರ ನನ್ನ ಪಣಕ್ಕಿಟ್ಟೆಯಲ್ಲೋ ಮನುಷ್ಯಾ!” ಎಂದು ಸಬಾಹ ಎದೆ ಬಡಿದುಕೊಂಡಳು.

ಮಧ್ಯಾಹ್ನ ಪೇದೆಯ ಜೊತೆ ಡಾಕ್ಟರು ಬಂದರು. ಕತ್ತು ನೋಡಿದರು, ಕಾಲು ನೋಡಿದರು. “ಹಲ್ಲಿನ ಗುರುತು ಒಂದೂ ಇಲ್ಲ. ನಾಯಿ ಏನೂ ಮಾಡಿಲ್ಲ.”

ಮೆತ್ವಲ್ಲಿ ಮದುಮಗನ ಹಾಗೆ ಎದೆಯುಬ್ಬಿಸಿ ಸುತ್ತ ನೋಡಿದ. ಅಷ್ಟರಲ್ಲಿ ಡಾಕ್ಟರು ಮುದುಕನ ಬಿಗಿದ ಮುಷ್ಟಿ ಬಿಡಿಸಿದರು. ಅಂಗೈ ಸುಟ್ಟು ಕರಕಲಾಗಿತ್ತು.

“ಕರೆಂಟು ಹೊಡೆದಿದೆ.”

ಪೇದೆ ಲಾಠಿಯಿಂದ ಹುಲ್ಲು ಸರಿಸಿದ. ಕಂಬದಿಂದ ನೀರಿನ ಪಂಪಿಗೆ ಎಳೆದ ತಂತಿ ಕಂಡಿತು. ಅದರ ಗಂಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಚೀಲ ಕರಗಿಹೋಗಿತ್ತು.

“ಈ ಪಂಪು ಯಾರದು?”

ಅಂಥ ಕಳ್ಳ ತಂತಿ ಎಲ್ಲರ ಹೊಲದಲ್ಲೂ ಇತ್ತು. ಕೊನೆಗೆ ಹಿಂದಾವಿ ಗಲ್ಲವೆತ್ತಿ ಮೆತ್ವಲ್ಲಿಯನ್ನು ತೋರಿಸಿದ.

“ನಾಯಿ ಮೇಲೆ ಹಾಕಿ ಮುಗಿಸ್ತಿದ್ದೆನಲ್ಲೋ,” ಎಂದ ಉಮ್ದಾ, ನಿಜವಾದ ಮರುಕದಿಂದ. “ನೀನು ಬಿಟ್ರೆ ತಾನೆ!”

ಮೆತ್ವಲ್ಲಿಯನ್ನು ಕೂರಿಸಿಕೊಂಡು ಪೊಲೀಸ್ ಜೀಪು ಹೊರಟಿತು. ಕಾಲುವೆಯ ಎರಡೂ ದಂಡೆಗಳಲ್ಲಿ ಪಂಪುಗಳು ಆಗಲೇ ನೀರೆತ್ತುತ್ತಿದ್ದವು. ಸೇತುವೆ ಹತ್ತುವಾಗ ಹಿಂದಿನಿಂದ ಒಂದು ಗುಂಡಿನ ಸದ್ದು ಕೇಳಿತು.

“ಒಳ್ಳೇದಾಯ್ತು ಬಿಡು,” ಎಂದ ಪೇದೆ. “ಇನ್ಮೇಲೆ ಜನ ಧೈರ್ಯವಾಗಿ ಹೊಲಕ್ಕೆ ಹೋಗ್ಬಹುದು.”