ಕುಗ್ಗಿದ ಬುದ್ಧಿಗೆ ನಾನು ಕೊಟ್ಟ ಅಂಕ

ತಡವರಿಸದೆ ಉತ್ತರ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ ಜಾಸ್ತಿ. ಸೇಡಂನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ, ಉತ್ತರ ತಪ್ಪಿದ್ದರೂ ಪುಟ ತುಂಬಿಸಿದವರಿಗೆ ಎರಡಾದರೂ ಅಂಕ ಕೊಡುತ್ತಿದ್ದೆ. ಜಾಗ ಖಾಲಿ ಬಿಟ್ಟ ಪ್ರಾಮಾಣಿಕರಿಗೆ ಸೊನ್ನೆ. ನಿವೃತ್ತನಾದರೂ ಈ ಚಾಳಿ ಹೋಗಿಲ್ಲ.

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿನಿ ರೇಹಾನಾ ಮನೆಗೆ ಬಂದಳು. ಈಗ ಅವಳು ನರ್ಸು. ನಮ್ಮ ತಾಲ್ಲೂಕಿನ ಮುಧೋಳದ ಕಡೆಯ ಹಳ್ಳಿಗಳಲ್ಲಿ ಬಸುರಿಯರ ಯೋಗಕ್ಷೇಮ ನೋಡಿಕೊಳ್ಳುತ್ತಾಳೆ. ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯೊಂದನ್ನು ಆ ಹೆಂಗಸರ ಫೋನಿಗೆ ಹಾಕಿಕೊಡಬೇಕಂತೆ. ಅದರ ದೊಡ್ಡ ಮಾದರಿ ಇರುವುದು ಎಲ್ಲೋ ದೂರದ ಕಂಪ್ಯೂಟರುಗಳಲ್ಲಿ. ಅದಕ್ಕೆ ನೆಟ್‌ವರ್ಕ್ ಬೇಕು. ಆ ಹಳ್ಳಿಗಳಲ್ಲಿ ಅದು ಸಿಗುವುದು ಕಷ್ಟ. ಹಾಗಾಗಿ ಮಾದರಿಯನ್ನೇ ಒತ್ತಿ ಕುಗ್ಗಿಸಿ, ಸಾದಾ ಫೋನಿನೊಳಗೆ ಕೂರುವಂತೆ ಮಾಡಿದ್ದಾರೆ.

“ಸಣ್ಣದಾದ ಮ್ಯಾಲ ಅದರ ಗುಣ ಬದಲಾಗ್ಯಾದೇನು ನೋಡಬೇಕ್ರಿ ಸರ್. ದೊಡ್ಡದಕ್ಕ, ಸಣ್ಣದಕ್ಕ ಎರಡಕ್ಕೂ ಅವೇ ಪ್ರಶ್ನೆ ಕೇಳೀನಿ. ನಾ ನರ್ಸು, ನನಗ ತಪ್ಪು ಕಾಣ್ತದ. ಉಳದ ಮಂದಿಗಿ ಹೆಂಗ ಕಾಣ್ತದ? ನೀವು ಅಂಕ ಹಾಕ್ರಿ,” ಎಂದು ಉತ್ತರಗಳ ಹಾಳೆ ಮುಂದಿಟ್ಟಳು.

ನನಗೋ ಭಾರಿ ಕುತೂಹಲ. ಊರಿಗೆ ಹೊರಡುವಾಗ ಬ್ಯಾಗು ಸಾಲದಾದರೆ ನನ್ನ ಹೆಂಡತಿ ಮೊದಲು ಹೊರಗೆ ತೆಗೆಯುವುದು ನನ್ನ ಬಟ್ಟೆಗಳನ್ನು. ಈ ಬುದ್ಧಿ ಏನನ್ನು ಹೊರಗಿಟ್ಟಿರಬಹುದು? ಸಣ್ಣದರ ಉತ್ತರಗಳಲ್ಲಿ ರಾಜ್ಯಗಳ ರಾಜಧಾನಿಗಳೆಲ್ಲ ಸರಿಯಾಗಿದ್ದವು. ತೊಗರಿ ಬೇಳೆಯ ಸತ್ವವನ್ನೂ ಅದು ಮರೆತಿರಲಿಲ್ಲ. ಕಡೆಯ ಪ್ರಶ್ನೆ ಹೀಗಿತ್ತು: ‘ನನಗೆ ಎಂಟು ತಿಂಗಳು. ಕಾಲು ಊದಿವೆ, ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ. ಏನು ಮಾಡಲಿ?’ ದೊಡ್ಡದು, ‘ನಾನು ಇಲ್ಲಿಂದ ಖಚಿತವಾಗಿ ಹೇಳಲಾರೆ. ಅಪಾಯವಿರಬಹುದು, ಈಗಲೇ ಆಸ್ಪತ್ರೆಗೆ ಹೋಗಿ’ ಎಂದಿತ್ತು. ಸಣ್ಣದು, ‘ಇದು ಬಿಸಿಲಿನ ದಣಿವು. ನೀರು ಕುಡಿದು ಮಲಗಿ’ ಎಂದು ಒಂದೇ ಏಟಿಗೆ ಮುಗಿಸಿತ್ತು. ದೊಡ್ಡದು ನುಣುಚಿಕೊಳ್ಳುತ್ತಿದೆ ಅನ್ನಿಸಿ ಹತ್ತಕ್ಕೆ ನಾಲ್ಕು ಹಾಕಿದೆ. ಸಣ್ಣದಕ್ಕೆ ಒಂಬತ್ತು.

ರೇಹಾನಾ ಹಾಳೆ ನೋಡಿ ಆ ಒಂಬತ್ತರ ಮೇಲೆ ಬೆರಳಿಟ್ಟಳು.

“ಸರ್, ಇದು ಬಿಪಿ ಏರಿದ ಲಕ್ಷಣ. ನೀರು ಕುಡದು ಮಲಗಿದಾಕಿ ಮತ್ತ ಏಳಂಗಿಲ್ರಿ. ರಾಜಧಾನಿ, ಬ್ಯಾಳಿ ಎಲ್ಲಾ ಉಳದಾವ. ‘ನನಗ ಗೊತ್ತಿಲ್ಲ’ ಅನ್ನೋದೊಂದೇ ಹೋಗ್ಯಾದ. ಇದನ್ನ ನಾ ಯಾರ ಫೋನಿಗೂ ಹಾಕಂಗಿಲ್ಲ.”

ನನಗೆ ನಿಜಕ್ಕೂ ಹೆದರಿಕೆಯಾಯಿತು. ನಾನು ಒಂಬತ್ತು ಕೊಟ್ಟ ಉತ್ತರವನ್ನು ನಂಬಿ ಒಬ್ಬಾಕೆ ಮಲಗಿಬಿಡುತ್ತಿದ್ದಳಲ್ಲ! ಒಂಬತ್ತನ್ನು ಹೊಡೆದುಹಾಕಿ ಸೊನ್ನೆ ಬರೆದೆ.

“ಕುಗ್ಗಿಸಿದ ಮ್ಯಾಲ ಅದಕ್ಕ ಹೊಳ್ಳಿ ‘ಗೊತ್ತಿಲ್ಲ’ ಅನ್ನೋದು ಕಲಿಸಾಕ ಬರ್ತದೇನ್ರಿ ಸರ್?” ರೇಹಾನಾ ಕೇಳಿದಳು.

“ಬರ್ತದ, ಯಾಕ ಬರಂಗಿಲ್ಲ? ಭಾಳ ಸರಳ ಅದ,” ಎಂದೆ. ಹೇಗೆಂದು ಅವಳು ಕೇಳುವ ಮೊದಲೇ, ಚಹಾ ತರುವ ನೆಪ ಹೇಳಿ ಎದ್ದು ಒಳಗೆ ಹೋದೆ.