ಬುಟ್ಟಿ ಹಾರಿತು, ಅಕ್ಕಯಮ್ಮ ಉಳಿದರು

ಮೋಡಗಳ ಮೇಲೆ ಸಂಸಾರ ಹೂಡಿರುವ ‘ಗಗನಮಿತ್ರ’ ವಿಮಾನ ಕಂಪನಿಯ ಬೆಂಗಳೂರು ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ, ಶ್ರೀನಿವಾಸಪುರ ತಾಲ್ಲೂಕು ಗೌನಿಪಲ್ಲಿಯ ಕೋದಂಡರಾಮಪ್ಪನು ನೆಲದ ಮೇಲೆ ನಿಂತು, ಕತ್ತೆತ್ತಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮಿಂದ ದಂಡ ವಸೂಲಾದ ಮೇಲೆ ಇನ್ನಷ್ಟು ಕ್ಷೇಮವಾಗಿರುತ್ತೀರಿ.

ನನ್ನ ತಂಗಿ ವೆಂಕಟರತ್ನಮ್ಮ ಬೊಂಬಾಯಿಯಲ್ಲಿ ಹೆಣ್ಣುಮಗುವನ್ನು ಹೆತ್ತಳು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವರು ನಮ್ಮ ತಾಯಿ ಅಕ್ಕಯಮ್ಮ. ಅದಕ್ಕೆಂದೇ ಅಳಿಯಂದಿರು ಸೋಮವಾರದ ವಿಮಾನಕ್ಕೆ ಟಿಕೆಟ್ ತೆಗೆದು ಕಳಿಸಿದ್ದರು. ಆದರೆ ಅದೇ ಸೋಮವಾರ ಬೆಳಗಾಗುವಷ್ಟರಲ್ಲಿ ಮನೆಯ ರೇಷ್ಮೆಹುಳುಗಳೆಲ್ಲ ಹಣ್ಣಾಗಿ ನೂಲು ಬಿಡಲು ಸಿದ್ಧವಾದವು. ಅವನ್ನು ಆಗಿಂದಾಗಲೇ ಚಂದ್ರಿಕೆಯೆಂಬ ಬಿದಿರ ತಟ್ಟೆಗೆ ಬಿಡದಿದ್ದರೆ ಗೂಡು ಕಟ್ಟುವುದಿಲ್ಲ. ಆ ಕೆಲಸ ಅಮ್ಮನ ಕೈಯಲ್ಲೇ ಆಗಬೇಕು. ಹುಳುಗಳು ತಮ್ಮ ಕಂಪನಿಯ ವೇಳಾಪಟ್ಟಿಯನ್ನು ಓದಿರಲಿಲ್ಲ, ಕ್ಷಮಿಸಬೇಕು.

ಇಂಥ ಇಕ್ಕಟ್ಟಿಗೆ ನಮ್ಮಲ್ಲಿ ‘ಪ್ರಸ್ಥಾನ’ ಎಂಬ ಏರ್ಪಾಡಿದೆ. ಒಳ್ಳೆಯ ಗಳಿಗೆಯಲ್ಲಿ ಹೊರಡಲಾಗದವರು ತಮ್ಮದೊಂದು ಗಂಟನ್ನು ಬೇರೆಯವರ ಮನೆಯಲ್ಲಿ ಇರಿಸಿದರೆ ಪ್ರಯಾಣ ಶುರುವಾದಂತೆ. ಆಮೇಲೆ ಬಿಡುವಾದಾಗ ಹೋಗಿ ಗಂಟನ್ನು ಕೂಡಿಕೊಳ್ಳಬಹುದು. ಸಾಮಾನ್ಯವಾಗಿ ನಾವು ಪಕ್ಕದ ಮನೆ ಸೊಣ್ಣಪ್ಪನ ಜಗಲಿಯಲ್ಲಿ ಇಡುತ್ತೇವೆ. ಈ ಸಲ ತಮ್ಮ ಅಂತಸ್ತಿಗೆ ಮರ್ಯಾದೆ ಕೊಟ್ಟು, ತಮ್ಮ ಕೌಂಟರಿನಲ್ಲೇ ಇಡುವುದೆಂದು ತೀರ್ಮಾನವಾಯಿತು.

“ಬಸ್ಸಲ್ಲಿ ಕಿಟಕಿಯಿಂದ ಒಂದು ಟವಲ್ ಹಾಕಿದ್ರೆ ಸೀಟು ಬಿಡ್ತಾರೆ ಕಣೋ. ತುಂಬಿದ ಬುಟ್ಟಿ ಕೊಟ್ರೆ ವಿಮಾನ ನಿಲ್ಲಲ್ವಾ? ನೀನು ಹೋಗಿ ಇಟ್ಬಿಟ್ಟು ಬಾ, ನಾನು ನಾಳೆ ಹೋಗ್ತೀನಿ” ಎಂದರು ಅಮ್ಮ.

ಹುರಿದ ರಾಗಿಹಿಟ್ಟು, ಬಾಣಂತಿ ಖಾರ, ತೊಟ್ಟಿಲಿಗೆ ಹಾಸುವ ಹಳೆಯ ಸೀರೆ ತುಂಬಿದ ಬುಟ್ಟಿಯನ್ನು ನಾನೇ ಹೊತ್ತು ತಂದೆ. ಕೌಂಟರಿನಲ್ಲಿದ್ದ ಹುಡುಗಿ ಟಿಕೆಟ್ ನೋಡಿ, “ಪ್ಯಾಸೆಂಜರ್ ಎಲ್ರೀ?” ಎಂದಳು. “ಹಿಂದೆ ಬರ್ತಾವ್ರಮ್ಮ” ಎಂದೆ. ಇದರಲ್ಲಿ ಸುಳ್ಳೇನಿದೆ? ಆಕೆ ಬುಟ್ಟಿಗೆ ಚೀಟಿ ಕಟ್ಟಿ ಒಳಗೆ ಕಳಿಸಿದಳು.

ಮಂಗಳವಾರ ಅಮ್ಮ ಮಡಿಸೀರೆಯುಟ್ಟು, ಕೊಡೆ ಹಿಡಿದು ಬಂದಾಗ ತಿಳಿಯಿತು: ತಮ್ಮ ವಿಮಾನ ಬುಟ್ಟಿಯನ್ನು ಮಾತ್ರ ಬೊಂಬಾಯಿಗೆ ಮುಟ್ಟಿಸಿತ್ತು. ಅಮ್ಮ ಹಾಜರಾಗದ ತಪ್ಪಿಗೆ ಟಿಕೆಟ್ ರದ್ದು. ಬುಟ್ಟಿ ಹಾಜರಾದ ತಪ್ಪಿಗೆ ಹೆಚ್ಚಿನ ತೂಕದ ದಂಡ. ಬಂದರೂ ದಂಡ, ಬಾರದಿದ್ದರೂ ದಂಡ ಎಂಬ ಈ ಸಮದೃಷ್ಟಿ ಋಷಿಗಳಿಗೂ ಕಷ್ಟಪಟ್ಟರೆ ಬಂದೀತು. ವಿಚಾರಿಸಲು ಹೋದವರನ್ನು ಮೂರನೆಯ ಕಿಟಕಿಯವರು ಐದನೆಯದಕ್ಕೂ, ಐದನೆಯವರು ಪುನಃ ಮೂರನೆಯದಕ್ಕೂ ಕಳಿಸಿ, ವಿಮಾನ ಹತ್ತದೆಯೇ ಪ್ರಯಾಣದ ಆಯಾಸ ಕರುಣಿಸಿದರು. ಇದಕ್ಕೆ ಪ್ರತ್ಯೇಕ ಶುಲ್ಕ ಹಾಕದ ಔದಾರ್ಯವನ್ನು ಗೌನಿಪಲ್ಲಿ ಮರೆಯುವುದಿಲ್ಲ.

ಅತ್ತ ತಂಗಿ, ಅಮ್ಮ ಬರುವವರೆಗೆ ನಾಮಕರಣವಿಲ್ಲವೆಂದು ಹಟ ಹಿಡಿದಿದ್ದಾಳೆ. ಮಗು ಹೆಸರಿಲ್ಲದೆ ಅಳುತ್ತಿದೆ. ಆದುದರಿಂದ, ಅರ್ಧ ಪ್ರಯಾಣ ಮುಗಿಸಿರುವ ನಮ್ಮ ತಾಯಿಯ ಉಳಿದರ್ಧವನ್ನು ಅದೇ ಟಿಕೆಟ್ಟಿನಲ್ಲಿ ಮುಟ್ಟಿಸಬೇಕು. ಅದು ಆಗದಿದ್ದರೆ, ತಮ್ಮ ವಿಮಾನದ ಒಂದು ರೆಕ್ಕೆಯನ್ನು ಒಳ್ಳೆಯ ಗಳಿಗೆಯಲ್ಲಿ ಸೊಣ್ಣಪ್ಪನ ಜಗಲಿಗೆ ತಂದಿಡಬೇಕು; ಉಳಿದ ಭಾಗ ಬಿಡುವಾದಾಗ ಬಂದರೆ ಸಾಕು, ನಾವು ದಂಡ ಕೇಳುವುದಿಲ್ಲ.

ಇನ್ನೂ ನೆಲದ ಮೇಲೆಯೇ ಇರುವ,
ತಮ್ಮ ವಿಶ್ವಾಸಿ
ಕೋದಂಡರಾಮಪ್ಪ

ತಾ.ಕ.: ತಮ್ಮ ಕೋಣೆಯಲ್ಲಿ, ತಮ್ಮ ಕುರ್ಚಿಯ ಬೆನ್ನಿಗೇ ತೂಗುತ್ತಿರುವ ಕರಿಯ ಕೊಡೆಯನ್ನು ಯಾರೋ ಮರೆತು ಹೋದರೆಂದು ಭಾವಿಸಬಾರದು. ಅದು ಮಂಗಳವಾರ ತಾವಿಲ್ಲದ ಹೊತ್ತಿನಲ್ಲಿ ಇರಿಸಿ ಬಂದ ನಮ್ಮ ತಾಯಿಯ ಹೊಸ ಪ್ರಸ್ಥಾನ. ಗುರುವಾರ ಅವರು ಬರುವವರೆಗೆ ಆ ಸೀಟು ಅವರದು. ಅಲ್ಲಿಯವರೆಗೆ ತಾವು ದಯಮಾಡಿ ನಿಂತೇ ಕೆಲಸ ಮಾಡಬೇಕು.